ಎಮ್ಮೆಗಳ ಪಾಲಿಗೆ ಬಂದ ವಿಮಾನ

ಯುದ್ಧವಿಮಾನದ ಆಸನದ ಮೇಲೆ ಕೂತು ನಾನು ನಾಲ್ಕು ವರ್ಷ ಹಾಜರಿ ಕೂಗಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನೆಲದಿಂದ ಒಂದು ಗೇಣೂ ಮೇಲೇಳದೆ ಅಂಥ ಆಸನದಲ್ಲಿ ಅಷ್ಟು ಕಾಲ ಕೂತವರು ಈ ದೇಶದಲ್ಲಿ ಹೆಚ್ಚು ಮಂದಿ ಇರಲಾರರು ಎಂಬುದು ನನ್ನ ನಂಬಿಕೆ. ತಿಳಿದವರು ತಿದ್ದಿದರೆ ತಿದ್ದಿಸಿಕೊಳ್ಳುತ್ತೇನೆ.

ಆಸನ ನನಗೆ ಬಂದದ್ದು ಅಕ್ಕನ ಗಂಡನ ದೆಸೆಯಿಂದ. ನೀಲಗಿರಿಯ ಕಟ್ಟಬೆಟ್ಟಿನಿಂದ ಕಾಲುದಾರಿಯಲ್ಲಿ ಅರ್ಧ ಗಂಟೆ ನಡೆದರೆ ಸಿಗುವ ಹಟ್ಟಿಗೆ ಅಕ್ಕನನ್ನು ಕೊಟ್ಟಿತ್ತು. ಐವತ್ತರ ದಶಕದ ಕೊನೆಗೆ ಅದೇ ಹಟ್ಟಿಯ ಶಾಲೆಗೆ ಸರಕಾರ ನನ್ನನ್ನು ಹಾಕಿತು. ನಾನು ಗುಂಡ್ಲುಪೇಟೆಯ ಕಡೆ ನೆಂಟರ ಮನೆಯಲ್ಲಿದ್ದು ಓದಿದವನು. ಕನ್ನಡ ಬರವಣಿಗೆ ಅಲ್ಲಿಂದ ಅಂಟಿದ್ದು. ಪಾಠ ತಮಿಳಿನಲ್ಲಿ, ಜಗಳ ಬಡಗ ಮಾತಿನಲ್ಲಿ, ದಿನಚರಿ ಕನ್ನಡದಲ್ಲಿ ಎಂದು ನನ್ನ ಆಡಳಿತ ನಡೆಯುತ್ತಿತ್ತು. ಒಬ್ಬನೇ ಮೇಷ್ಟರಾದ್ದರಿಂದ ಶಾಲೆಯ ಮುಖ್ಯಸ್ಥನೂ ನಾನೇ, ಆ ಮುಖ್ಯಸ್ಥನ ಮಾತು ಕೇಳದ ಸಹಾಯಕನೂ ನಾನೇ.

ಭಾವ ಆಗ ಹಟ್ಟಿಯಲ್ಲಿರಲಿಲ್ಲ. ಬಯಲುಸೀಮೆಯ ಒಂದು ವಿಮಾನ ಕಾರ್ಖಾನೆಯಲ್ಲಿ ತಗಡು ಬಡಿಯುವ ಕೆಲಸಕ್ಕಿದ್ದರು. ಅಲ್ಲಿ ಹೊಸದೊಂದು ಯುದ್ಧವಿಮಾನ ಸಿದ್ಧವಾಗುತ್ತಿತ್ತು. ಅದರ ರೆಕ್ಕೆಯ ತುದಿಗೆ ಕಟ್ಟುವ ಇಂಧನದ ತೊಟ್ಟಿ ಭಾವನ ಪಾಲಿಗೆ ಬಂದಿತ್ತು. ತೊಟ್ಟಿ ಎಂದರೆ ನಾವು ಹಿತ್ತಲಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಎರಡು ಆಳುದ್ದ, ಎರಡೂ ತುದಿ ಚೂಪು, ನಡುವೆ ಬಲಿತ ಸೌತೆಕಾಯಿಯ ಹಾಗೆ ಮೈತುಂಬಿಕೊಂಡದ್ದು. ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ಮಾಡಿ ಆಮೇಲೆ ಕೂಡಿಸಬೇಕು. ಮರಳುಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಿಂದ ಬಡಿಯುತ್ತ, ಕೈಯಾಡಿಸಿ ನೋಡುತ್ತ, ಮತ್ತೆ ಬಡಿಯುತ್ತ ಹೋಗುವುದು. ಅಂಗೈ ಎಲ್ಲೂ ತಡೆಯಬಾರದು. ತಡೆದರೆ ಗಾಳಿಯೂ ತಡೆಯುತ್ತದೆ. ರಜಕ್ಕೆ ಬಂದಾಗ ಭಾವ ಇದನ್ನೆಲ್ಲ ಹೇಳುತ್ತ ಅಕ್ಕನ ರೊಟ್ಟಿಯ ಮೇಲೂ ಅಂಗೈ ಆಡಿಸಿ ನೋಡುತ್ತಿದ್ದರು. ಅಕ್ಕ ಅದನ್ನು ಪ್ರೀತಿ ಎಂದು ತಿಳಿಯಲಿಲ್ಲ.

ಹೀಗೆ ಏಳು ವರ್ಷ. ವಿಮಾನ ಕೆಲವು ಸಲ ಹಾರಿತಂತೆ. ತೊಟ್ಟಿ ಕಟ್ಟಿ ಹಾರಿಸುವ ಹಂತ ಬರುವ ಮುಂಚೆ ದಿಲ್ಲಿಯಿಂದ ಕಾಗದ ಬಂತು: ಈ ವಿಮಾನ ಬೇಡ. ಯಾಕೆಂದು ತಗಡು ಬಡಿಯುವವರಿಗೆ ಯಾರೂ ಹೇಳಲಿಲ್ಲ. ಹೇಳುವ ಪದ್ಧತಿಯೂ ಇಲ್ಲ. ಭಾವ ಮಾಡಿದ ತೊಟ್ಟಿಯೊಳಗೆ ಅಲ್ಲಿಯವರೆಗೆ ಒಂದು ಹನಿ ಎಣ್ಣೆಯೂ ಬಿದ್ದಿರಲಿಲ್ಲ. ಬೇರೆ ವಿಭಾಗದಲ್ಲಿ ಕೆಲಸ ಕೊಡುತ್ತೇವೆ ಎಂದರು. ಭಾವ ಒಪ್ಪಲಿಲ್ಲ. ವಿಮಾನವನ್ನು ಕತ್ತರಿಸಿ ಗುಜರಿಗೆ ಹಾಕಿದಾಗ, ಗುಜರಿಯವನನ್ನು ಕಾಡಿ ಬೇಡಿ ಮೂರು ಸಾಮಾನು ಬಿಡಿಸಿಕೊಂಡರು. ಆಲೂಗಡ್ಡೆ ಇಳಿಸಿ ಮೇಟ್ಟುಪಾಳ್ಯದಿಂದ ಖಾಲಿ ಹತ್ತುವ ಲಾರಿಯೊಂದರಲ್ಲಿ ಹೇರಿಕೊಂಡು ಬೆಟ್ಟಕ್ಕೆ ಬಂದುಬಿಟ್ಟರು.

ಆ ಮಧ್ಯಾಹ್ನ ನಾನೂ ರಸ್ತೆಗೆ ಹೋಗಿದ್ದೆ. ವಿಮಾನ ಬರುತ್ತಿದೆ ಎಂಬ ಸುದ್ದಿಗೆ ಶಾಲೆ ತಾನಾಗಿಯೇ ಬಿಟ್ಟಿತ್ತು. ಹೊರಲು ನಾಲ್ಕು ಗಟ್ಟಿ ಆಳು ಬಿದಿರ ಕೋಲು, ಹಗ್ಗ ಸಮೇತ ಬಂದಿದ್ದರು. ಲಾರಿಯಲ್ಲಿದ್ದದ್ದು ಮೂರೇ: ಪೈಲಟ್ ಕೂರುವ ಒಂದು ಆಸನ, ಅವನ ತಲೆಯ ಮೇಲೆ ಮುಚ್ಚುವ ಗಾಜಿನಂಥ ಕವಚ, ಮತ್ತು ತೊಟ್ಟಿಯ ಕೆಳಗಿನ ಅರ್ಧ. ಮೇಲಿನ ಅರ್ಧ ಆಗಲೇ ಕುಲುಮೆ ಸೇರಿತ್ತು. ಆಳುಗಳು ಉಸಿರು ಕಟ್ಟಿ, ಕಾಲು ಊರಿ ತೊಟ್ಟಿಯನ್ನು ಎತ್ತಿದರು. ಅದು ಸರ್ರನೆ ಮೇಲೆದ್ದು ಅವರ ತಲೆಗೇ ತಗಲಿತು.

“ಏನ ಬಾವ, ಇದಕ ನಾಕಾಳು ಬೇಕಾ? ಎನ್ನ ಕೊಡೆ ಇದಕಿಂತ ಭಾರ!” ಎಂದ ಒಬ್ಬ.

“ಭಾರ ಇರಬಾರದು ಅಂತಲೇ ಏಳು ವರ್ಷ ಬಡಿದೆ,” ಎಂದರು ಭಾವ.

ಆದರೂ ಬಂದದ್ದಕ್ಕೆ ಮರ್ಯಾದೆ ಇರಲಿ ಎಂದು ನಾಲ್ವರೂ ಹೆಗಲು ಕೊಟ್ಟರು. ಭಾವ ಮುಂದೆ, ನಾನು ಹಿಂದೆ, ಮಕ್ಕಳು ಅದರ ಹಿಂದೆ. ಹಟ್ಟಿಯ ಬಾಯಲ್ಲಿ ಬಿಸಿಲು ಕಾಯಿಸುತ್ತ ಒಬ್ಬ ಹೆತ್ತೆ ಕೂತಿದ್ದಳು. ನಮ್ಮಲ್ಲಿ ಅಜ್ಜಿಯರೆಲ್ಲ ಹೆತ್ತೆಯರೇ. ಇವಳು ಇಡೀ ಹಟ್ಟಿಗೆ ಹೆತ್ತೆ. ಕಣ್ಣಿಗೆ ಕೈ ಅಡ್ಡ ಹಿಡಿದು ಮೆರವಣಿಗೆ ನೋಡಿ ಕೇಳಿದಳು:

“ಯಾರು ತೀರಿದ್ದು?”

“ಯಾರೂ ಇಲ್ಲೆ ಹೆತ್ತೆ. ಇದು ಎನ್ನ ಗೆಲಸ,” ಎಂದರು ಭಾವ. “ನಿಂತು ಹೋತು.”

“ನಿಂತ ಗೆಲಸವ ಹೊತ್ತುಕೊಂಡು ಮನೆಗ ಬಂದವರ ಎನ್ನ ವಯಸಿಲಿ ಇವತ್ತೇ ನೋಡಿದೆ,” ಎಂದಳು ಹೆತ್ತೆ. ಆಮೇಲೆ ಸೆರಗು ಸರಿಮಾಡಿಕೊಂಡು, “ಸರಿ, ಮೊದಲು ಹೋಗಿ ಕಾಪಿ ಕುಡಿ,” ಎಂದಳು.

ವಿಮಾನದ ಆಸ್ತಿ ವಿಭಾಗ ಒಂದು ವಾರದಲ್ಲಿ ಮುಗಿಯಿತು. ಗಾಜಿನ ಕವಚ ಅಕ್ಕನಿಗೆ. ಆಗ ಹಟ್ಟಿಯಲ್ಲಿ ಆಲೂಗಡ್ಡೆ ಬಿಟ್ಟು ಎಲ್ಲರೂ ಟೀ ಕಡೆ ತಿರುಗುತ್ತಿದ್ದ ಕಾಲ. ಅಕ್ಕ ಮನೆ ಹಿಂದೆ ಟೀ ಕಡ್ಡಿ ಚಿಗುರಿಸಲು ಪಾತಿ ಮಾಡಿದ್ದಳು. ಕವಚವನ್ನು ಅದರ ಮೇಲೆ ಬೋರಲು ಹಾಕಿದಳು. ಒಳಗೆ ಬೆವರು ಹನಿಸಿ, ಹಿಮ ಬಿದ್ದ ಬೆಳಗಿನಲ್ಲೂ ಕಡ್ಡಿಗಳು ಬೆಚ್ಚಗಿದ್ದು, ಮೂರು ತಿಂಗಳಿಗೆ ಬೇರು ಬಿಟ್ಟವು. “ಮೊದಲೇ ಇಂಥ ಗೆಲಸಕ ಅಂತ ಮಾಡಿದ್ದರೆ ಯಾರೂ ನಿಲ್ಲಿಸುತ್ತಾ ಇರಲಿಲ್ಲೆ,” ಎಂದು ಅಕ್ಕ ದಿಲ್ಲಿಯವರನ್ನು ಕುರಿತು ತೀರ್ಪು ಕೊಟ್ಟಳು.

ಆಸನ ಶಾಲೆಗೆ ಬಂತು. ಶಾಲೆಯ ಮರದ ಕುರ್ಚಿಗೆ ಆಗ ಮೂರೂವರೆ ಕಾಲು. ಹೊಸ ಆಸನದಲ್ಲಿ ಕೂತ ಮೊದಲ ದಿನ ನಾನು ಮೇಜಿನ ಹಿಂದೆ ಮಾಯವಾಗಿಬಿಟ್ಟೆ. ಕೂರುವ ಜಾಗದಲ್ಲಿ ಒಂದು ಹಳ್ಳ. ಪೈಲಟ್ ತನ್ನ ಪ್ಯಾರಾಚೂಟನ್ನು ಅಲ್ಲಿಟ್ಟು ಅದರ ಮೇಲೆ ಕೂರುತ್ತಾನೆ ಎಂದು ಭಾವ ವಿವರಿಸಿದರು. ನಾನು ಹಳೆಯ ಹಾಜರಿ ಪುಸ್ತಕಗಳನ್ನು ತುಂಬಿ ಕೂತೆ. ಇಲಾಖೆಯಲ್ಲಿ ಆಪತ್ತು ಬಂದಾಗ ನಮ್ಮನ್ನು ಮೆಲ್ಲಗೆ ಇಳಿಸುವುದೂ ಅವೇ ತಾನೆ.

ತೊಟ್ಟಿಯನ್ನು ಮಾತ್ರ ಭಾವ ಯಾರಿಗೂ ಕೊಡಲಿಲ್ಲ. ಜಗುಲಿಯ ಮಾಡಿಗೆ ಎರಡು ಹಗ್ಗ ಕಟ್ಟಿ ತೂಗುಹಾಕಿದರು. ಸೋಮವಾರ ನಮ್ಮಲ್ಲಿ ಹೊಲದ ಕೆಲಸ ಇಲ್ಲ. ಅವತ್ತು ಭಾವ ಎಣ್ಣೆ ಬಟ್ಟೆ ಹಿಡಿದು ತೊಟ್ಟಿಯ ಒಳಗೂ ಹೊರಗೂ ಒರೆಸುವರು. ಮಕ್ಕಳು ಮುಟ್ಟಿದರೆ ಬೈಯುವರಲ್ಲ. ಆದರೆ ಮುಟ್ಟಿದ ಜಾಗವನ್ನು ಅವರೆದುರಿಗೇ ಮತ್ತೆ ಒರೆಸುವರು. ಬೈಗುಳವೇ ಮೇಲು ಅನಿಸುತ್ತಿತ್ತು.

“ಯಾಕೆ ಭಾವ ಇಷ್ಟು?” ಎಂದು ಒಮ್ಮೆ ಕೇಳಿದೆ.

“ಕೇಳಿ ಕಳಿಸಿದರೆ?” ಎಂದರು. “ನಾಳೆ ಮತ್ತೆ ಶುರು ಮಾಡಿದರೆ, ಅಳತೆಗ ಒಂದಾದರೂ ಬೇಕಲ್ಲ. ಎನ್ನ ಹತ್ತರ ಇದೆ ಅಂತ ಅವರಿಗ ಗೊತ್ತಿರಬೇಕು.”

ಅದಕ್ಕಾಗಿ ವರ್ಷಕ್ಕೊಂದು ಪತ್ರ ಕಾರ್ಖಾನೆಗೆ ಹೋಗಬೇಕು. ಬರೆಯುವುದು ನಾನು, ಇಂಗ್ಲಿಷಿನಲ್ಲಿ. ಒಕ್ಕಣೆ ಹೆಚ್ಚು ಕಡಿಮೆ ಹೀಗೆ: ತಮ್ಮ ವಿಮಾನದ ಇಂಥ ಭಾಗ ಇಲ್ಲಿ ಕ್ಷೇಮವಾಗಿದೆ, ಉಳಿದ ಭಾಗಗಳ ಕ್ಷೇಮಸಮಾಚಾರಕ್ಕೆ ಕಾದಿದ್ದೇವೆ. ಭಾವ ಅರ್ಥ ಕೇಳಿ ತಿಳಿದುಕೊಂಡು, ಗಂಭೀರವಾಗಿ ರುಜು ಹಾಕುವರು. ಉತ್ತರ ಬರಲಿಲ್ಲ. ಮೊದಮೊದಲು ನಾನು ನಗುತ್ತ ಬರೆಯುತ್ತಿದ್ದೆ. ಮೂರನೆಯ ವರ್ಷ ನಗು ಬರಲಿಲ್ಲ. ಆ ಮನುಷ್ಯ ಕಾಯುತ್ತಿದ್ದದ್ದು ಕೆಲಸ ಮತ್ತೆ ಶುರುವಾಗಲಿ ಎಂದಲ್ಲ. ಏಳು ವರ್ಷ ಬಡಿದದ್ದು ಯಾರಿಗಾದರೂ ಬೇಕಿತ್ತು ಎಂಬ ಒಂದು ಸಾಲಿಗೆ.

ಇನ್ನು ನನ್ನ ಅಪರಾಧ.

ನಮ್ಮ ಹಟ್ಟಿಗಳಲ್ಲಿ ವರ್ಷಕ್ಕೊಂದು ದಿನ ಎಮ್ಮೆಗಳಿಗೆ ಉಪ್ಪುನೀರು ಕುಡಿಸುವ ಹಬ್ಬ. ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ, ನೀರು ತುಂಬಿ, ಉಪ್ಪು ಕರಗಿಸಿ ಮಂದೆಯನ್ನೆಲ್ಲ ಕರೆದು ಕುಡಿಸುವುದು. ಆದರೆ ಆ ಹುಲ್ಲುಗಾವಲಿಗೂ ಟೀ ಹತ್ತಿತ್ತು. ಗುಂಡಿ ತೋಡುವ ಜಾಗದಲ್ಲಿ ಮೊಣಕಾಲೆತ್ತರದ ಗಿಡಗಳು. ಉಳಿದದ್ದು ಬಂಡೆಯ ಮಗ್ಗುಲ ಒಂದು ಚೂರು. ಅಲ್ಲಿ ಗುಂಡಿ ತೋಡಿದರೆ ಸುರಿದ ನೀರು ನಿಂತಲ್ಲೇ ಇಂಗಿಹೋಗುತ್ತಿತ್ತು. ಹಿಂದಿನ ವರ್ಷ ಡಬ್ಬಗಳಲ್ಲಿ ಇಟ್ಟು ನೋಡಿದ್ದರು. ಮೊದಲ ಎಮ್ಮೆಯ ಕೊಂಬಿಗೆ ಡಬ್ಬ ಸಿಕ್ಕಿಕೊಂಡು, ಅದು ಕಟ್ಟಬೆಟ್ಟಿನ ತನಕ ಸದ್ದು ಮಾಡುತ್ತ ಓಡಿ, ಹಬ್ಬ ಅಲ್ಲಿಗೇ ಮುಗಿದಿತ್ತು.

ಆ ವರ್ಷ ಭಾವ ಊರಲ್ಲಿರಲಿಲ್ಲ. ತೆಪ್ಪಕಾಡಿನ ಆನೆ ಶಿಬಿರದಲ್ಲಿ ಅರಣ್ಯದವರ ಲಾರಿಗಳ ತಗಡು ಕೆಲಸಕ್ಕೆಂದು ಎರಡು ತಿಂಗಳಿಗೆ ಹೋಗಿದ್ದರು. ಹಬ್ಬದ ಮುನ್ನಾದಿನ ಊರ ಗೌಡರು ಅಕ್ಕನ ಜಗುಲಿಗೆ ಬಂದು, ತೊಟ್ಟಿಯ ಕೆಳಗೇ ಕೂತು, ತೊಟ್ಟಿಯನ್ನೇ ನೋಡುತ್ತ, ತೊಟ್ಟಿ ಒಂದನ್ನು ಬಿಟ್ಟು ಉಳಿದೆಲ್ಲ ವಿಷಯ ಮಾತಾಡಿದರು. ಕೊನೆಗೆ, “ಹತ್ತು ಎಮ್ಮೆ ಒಟ್ಟಿಗ ಬಾಯಿ ಹಾಕಬಹುದು, ಅಲ್ಲವಾ ಮಾಸ್ಟ್ರೆ?” ಎಂದು ನನ್ನತ್ತ ತಿರುಗಿದರು.

ಅಕ್ಕ ಒಳಗಿಂದಲೇ, “ಅವರು ಬಂದಮೇಲೆ ಕೇಳಿ ಮಾವ. ಎನಗ ಭಯ,” ಎಂದಳು.

“ಅವ ಬರೋ ತನಕ ಹಬ್ಬ ನಿಲ್ಲುತ್ತಾ, ಮಗಳೆ?”

ಆಗ ನಾನು ಗಂಟಲು ಸರಿಮಾಡಿಕೊಂಡೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಐದನೆಯ ತರಗತಿಗೆ ಪಾಠ ಮಾಡಿದವನು ನಾನು. ಪಠ್ಯಪುಸ್ತಕದಲ್ಲಿ ಹಾಗೇ ಇತ್ತು. ವಿಜ್ಞಾನದ ಆಧಾರದ ಮೇಲೆ, ಜವಾಬ್ದಾರಿಯನ್ನೆಲ್ಲ ನನ್ನ ಮೇಲೆ ಹಾಕಿಕೊಂಡು, ತೊಟ್ಟಿಯನ್ನು ಒಂದು ದಿನದ ಮಟ್ಟಿಗೆ ಹಟ್ಟಿಗೆ ಒಪ್ಪಿಸಿದೆ.

ಹಬ್ಬ ಚೆನ್ನಾಗಿ ಆಯಿತು ಎಂದರೆ ಸಾಲದು. ಎಮ್ಮೆಗಳು ಎರಡು ಸಾಲಾಗಿ, ಎದುರೆದುರು ನಿಂತು, ಪಂಕ್ತಿ ಭೋಜನದ ಶಿಸ್ತಿನಲ್ಲಿ ಕುಡಿದವು. ಬಂಡೆಯ ಮಗ್ಗುಲಲ್ಲಿ ಮಣ್ಣು ಒತ್ತಿ ಕೂರಿಸಿದ್ದ ತೊಟ್ಟಿ ಅಲುಗಲಿಲ್ಲ. ಹೆತ್ತೆ ಬಂದು ನೋಡಿ, “ಇದಕ ಅಂತಲೇ ಹೊತ್ತು ತಂದನೋ ಏನೋ,” ಎಂದಳು.

ಆದರೆ ಹಬ್ಬದ ಉಪ್ಪುನೀರು ಉಳಿದರೆ ನಮ್ಮಲ್ಲಿ ಯಾರೂ ಚೆಲ್ಲುವುದಿಲ್ಲ. ಎಮ್ಮೆಗೆಂದು ಇಟ್ಟದ್ದನ್ನು ಮನುಷ್ಯ ಬಗ್ಗಿಸಬಾರದು. ಅದು ತಾನೇ ಆರಬೇಕು. ಮಣ್ಣಿನ ಗುಂಡಿಯಲ್ಲಿ ಅದು ಒಂದು ರಾತ್ರಿಯಲ್ಲಿ ಇಂಗುತ್ತಿತ್ತು. ಭಾವನ ತೊಟ್ಟಿಯಲ್ಲಿ ಇಂಗಲು ದಾರಿ ಎಲ್ಲಿದೆ? ತಳದಲ್ಲಿ ಒಂದು ಗೇಣು ನೀರು ಹಾಗೇ ನಿಂತಿತು. ಮಂಜಿನ ದಿನಗಳು, ಆರಲೂ ಇಲ್ಲ. ಗೌಡರು ದಿನಾ ಹೋಗಿ ನೋಡಿ, “ಇನ್ನೂ ಇದೆ,” ಎಂದು ಭಕ್ತಿಯಿಂದ ವರದಿ ಮಾಡುತ್ತಿದ್ದರು. ಹೀಗೆ ಒಂದು ತಿಂಗಳು.

ನೀರು ಆರಿದ ದಿನ ನೋಡಿದರೆ ತೊಟ್ಟಿಯ ಒಳಮೈ ತುಂಬ ಬಿಳಿ ಹಿಟ್ಟು. ಉಪ್ಪೆಂದು ತೊಳೆದೆ. ಹೋಗಲಿಲ್ಲ. ಉಗುರಿನಿಂದ ಕೆರೆದೆ, ಕೆಳಗೆ ಸಿಡುಬಿನ ಕಲೆಯಂಥ ಗುಳಿಗಳು. ವಿಮಾನದ ತಗಡಿಗೆ ಗಟ್ಟಿ ಬರಲೆಂದು ಬೇರೆ ಲೋಹ ಬೆರೆಸುತ್ತಾರೆ, ಅಂಥದ್ದನ್ನು ಉಪ್ಪು ತಿನ್ನುತ್ತದೆ ಎಂಬುದು ಐದನೆಯ ತರಗತಿಯ ಪುಸ್ತಕದಲ್ಲಿ ಇರಲಿಲ್ಲ. ಅಕ್ಕನೂ ನಾನೂ ಎಣ್ಣೆ ಹಚ್ಚಿ ಒರೆಸಿ, ಜಗುಲಿಗೆ ಹೊತ್ತು ತಂದು, ಒಳಮೈ ಗೋಡೆಯ ಕಡೆ ಮಾಡಿ ತೂಗುಹಾಕಿದೆವು. ಆ ಯೋಚನೆ ನನ್ನದು. ಶಾಲೆಯ ಮುಖ್ಯಸ್ಥನ ಯೋಚನೆ ಹೇಗಿರುತ್ತದೆ ನೋಡಿ.

ಭಾವ ಬಂದದ್ದು ಭಾನುವಾರ. ಅಕ್ಕನಿಗೆ ಸೋಮವಾರದವರೆಗೆ ತಡೆಯಲಾಗಲಿಲ್ಲ. ಚೀಲ ಇಳಿಸುವ ಮುಂಚೆಯೇ ಹೇಳಿಬಿಟ್ಟಳು. ನನಗೂ ಕರೆ ಬಂತು. ಹೋಗುವಷ್ಟರಲ್ಲಿ ಭಾವ ತೊಟ್ಟಿ ಇಳಿಸಿ ಅಂಗಳದಲ್ಲಿ ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು. ಅಂಗೈಯನ್ನು ತುದಿಯಿಂದ ತುದಿಗೆ ಆಡಿಸಿದರು. ಅದು ಗಳಿಗೆಗೊಮ್ಮೆ ತಡೆಯುತ್ತಿತ್ತು.

“ತಪ್ಪು ನನ್ನದು ಭಾವ,” ಎಂದೆ. “ಅಕ್ಕ ಬೇಡ ಅಂದಳು.”

ಅವರು ತಲೆ ಎತ್ತಲಿಲ್ಲ. ಒಳಮೈ ನೋಡುತ್ತಲೇ ಕೇಳಿದರು:

“ತುಂಬಿಸಿದ್ದಿರಾ?”

“ಹೂಂ.”

“ಎಷ್ಟು? ಅಂಚಿನ ತನಕವಾ?”

“ಅಂಚಿನ ತನಕ.”

“ಸೋರಿತಾ?”

ಅಕ್ಕ ಕಣ್ಣೊರೆಸಿಕೊಂಡಳು. “ಎಲ್ಲಿ ಸೋರುತ್ತೆ! ಸೋರಿದ್ದರೆ ಇಷ್ಟು ಅನರ್ಥ ಆಗುತ್ತಿತ್ತಾ? ಒಂದು ತಿಂಗಳು ಒಂದು ಹನಿ ಹೊರಗ ಬರಲಿಲ್ಲೆ.”

“ಒಂದು ಹನಿ?”

“ಒಂದೂ ಇಲ್ಲೆ.”

ಭಾವ ಮತ್ತೆ ಅಂಗೈ ಆಡಿಸಿದರು, ಈ ಸಲ ತಗಡು ಕೂಡಿಸಿದ ರಿವೆಟ್ಟು ಮೊಳೆಗಳ ಸಾಲಿನ ಮೇಲೆ. “ಕಾರ್ಖಾನೆಲಿ ಇದನ್ನ ತುಂಬಿಸಿ ನೋಡಲೇ ಇಲ್ಲ,” ಎಂದರು, ಯಾರಿಗೋ ಹೇಳುವ ಹಾಗೆ. ಆಮೇಲೆ ನನ್ನನ್ನು ನೋಡಿ, “ಮಾಸ್ಟರಾಗಿ ಉಪ್ಪು ಏನು ಮಾಡುತ್ತೆ ಅಂತ ಗೊತ್ತಿಲ್ಲೆಯಾ ನಿನಗ? ಆ ಕುರ್ಚಿ ವಾಪಸು ಕೊಡು,” ಎಂದರು. ಅಂತೂ ಬೈದರು, ಬದುಕಿದೆ ಎಂದುಕೊಂಡೆ.

ಕುರ್ಚಿ ವಾಪಸು ಕೊಡುವ ಕಾಲವೂ ಬಂತು. ಮರು ಬೇಸಗೆಯಲ್ಲಿ, ನಾವು ಪತ್ರ ಬರೆಯುವುದನ್ನು ಬಿಟ್ಟ ವರ್ಷವೇ, ಹಟ್ಟಿಗೆ ಒಂದು ಜೀಪು ಬಂತು. ಇಳಿದವರು ಕಾರ್ಖಾನೆಯ ಹಳೆಯ ಎಂಜಿನಿಯರು, ಆ ವಿಮಾನದಲ್ಲೇ ತಲೆ ನರೆಸಿಕೊಂಡವರು. ಕೆಲಸ ಕಲಿಯುವ ಹುಡುಗರಿಗೆ ತೋರಿಸಲು ಒಂದು ಕೋಣೆ ಮಾಡುತ್ತಿದ್ದಾರಂತೆ. ಅಳಿದುಳಿದ ಭಾಗಗಳನ್ನು ಹುಡುಕಿಕೊಂಡು ತಿರುಗುತ್ತಿದ್ದರು. ನಮ್ಮ ಪತ್ರಗಳೆಲ್ಲ ಅವರ ಕೈಯಲ್ಲಿದ್ದವು, ದಾರ ಕಟ್ಟಿದ ಕಡತದಲ್ಲಿ. ನನ್ನ ಇಂಗ್ಲಿಷು ಅಷ್ಟು ಭದ್ರವಾಗಿ ಉಳಿದದ್ದು ಅದೊಂದೇ ಜಾಗ.

ಶಾಲೆಯಿಂದ ಆಸನ ಎತ್ತಿಸಿದರು. ಹಾಜರಿ ಪುಸ್ತಕಗಳನ್ನು ನಾನೇ ಕೈಯಾರೆ ಹೊರತೆಗೆದೆ. ಒಂದು ಯುಗ ಮುಗಿಯಿತು. ಕವಚಕ್ಕೆ ಕೈ ಹಾಕಿದಾಗ ಅಕ್ಕ ಅಡ್ಡ ಬಂದಳು. “ಒಳಗ ಟೀ ಪಿಳ್ಳೆಗಳಿದ್ದಾವೆ. ಮಳೆ ಬಿದ್ದು ಗಿಡ ನೆಟ್ಟಮೇಲೆ ಬನ್ನಿ.” ಎಂಜಿನಿಯರು ಬಗ್ಗಿ ಒಳಗೆ ನೋಡಿ, “ಆಗಲಿ ಅಮ್ಮ, ಮಳೆ ಆದಮೇಲೆ,” ಎಂದು ಸಹಿ ಹಾಕುವಷ್ಟು ಗಂಭೀರವಾಗಿ ಒಪ್ಪಿಕೊಂಡರು.

ಕೊನೆಗೆ ತೊಟ್ಟಿ. ಒಳಮೈ ನೋಡಿ ಅವರ ಮುಖ ಬಾಡಿತು. “ಇದೇನು, ಉಪ್ಪೇ?”

“ಉಪ್ಪು ಸಾರ್,” ಎಂದರು ಭಾವ. “ಎಮ್ಮೆಗಳಿಗ.”

ಎಂಜಿನಿಯರು ತೊಟ್ಟಿಯನ್ನು ಹೊರಳಿಸಿ ನೋಡಿದರು. “ಚಿಂತೆಯಿಲ್ಲ. ಹೊರಮೈ ಚೆನ್ನಾಗಿದೆ. ಒಳಗಿನದನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸೋಣ, ಗೊತ್ತಾಗುವುದಿಲ್ಲ. ಕೆಳಗೆ ನಿಮ್ಮ ಹೆಸರು ಬರೆಸುತ್ತೇನೆ. ಇಂಥವರು ಮಾಡಿದ್ದು ಎಂದು.”

ನನ್ನ ಉಪಾಯವನ್ನೇ ಒಬ್ಬ ಎಂಜಿನಿಯರು ಹೇಳುತ್ತಿದ್ದಾರೆ ಎಂಬ ಸಂತೋಷ ಕೂಡ ನನಗೆ ಆಗಲಿಲ್ಲ, ಭಾವನನ್ನು ನೋಡುತ್ತಿದ್ದೆ. ಇಷ್ಟು ವರ್ಷ ಕಾದ ಸಾಲು ಬಂದಿತ್ತು, ಹೆಸರಿನ ಸಮೇತ. ಅವರು ತೊಟ್ಟಿಯ ಅಂಚು ಹಿಡಿದು ನಿಂತಿದ್ದರು. ಗೌಡರು, ಹೊತ್ತು ತಂದ ನಾಲ್ವರು, ಹೆತ್ತೆ, ಎಲ್ಲರೂ ಅಂಗಳದಲ್ಲಿದ್ದರು.

“ಹಬ್ಬ ಬರುತ್ತೆ ಸಾರ್,” ಎಂದರು ಭಾವ ಕೊನೆಗೆ. “ಇದು ಬೇಕಾಗುತ್ತೆ.”

“ಇನ್ನು ನಾಲ್ಕು ಹಬ್ಬಕ್ಕೆ ತೂತು ಬೀಳುತ್ತದೆ. ನಿಮಗೇ ಗೊತ್ತು.”

“ಗೊತ್ತು ಸಾರ್. ಮುಚ್ಚುತ್ತೇನೆ.”

ಎಂಜಿನಿಯರು ಪ್ಯಾಂಟು ಮೇಲೆಳೆದುಕೊಂಡು ಕುಕ್ಕರಗಾಲಲ್ಲಿ ಕೂತು, ತೊಟ್ಟಿಯ ಹೊರಮೈ ಮೇಲೆ ಅಂಗೈ ಇಟ್ಟು ತುದಿಯಿಂದ ತುದಿಗೆ ಆಡಿಸಿದರು. ಎಲ್ಲೂ ತಡೆಯಲಿಲ್ಲ. ಎದ್ದು ಕೈ ಒರೆಸಿಕೊಳ್ಳದೆ ಜೀಪು ಹತ್ತಿದರು. ತಿಂಗಳೊಳಗೆ ಅಂಚೆಯಲ್ಲಿ ಒಂದು ಭಾರದ ಪೊಟ್ಟಣ ಬಂತು: ಒಂದು ಡಬ್ಬ ರಿವೆಟ್ಟು, ಸಂದು ಮುಚ್ಚುವ ಅಂಟು, ಅಂಗೈಯಗಲದ ತಗಡಿನ ತುಂಡುಗಳು. ಪತ್ರ ಇರಲಿಲ್ಲ. ಭಾವ ಪೊಟ್ಟಣದ ಮೇಲಿನ ವಿಳಾಸವನ್ನು ಬಹಳ ಹೊತ್ತು ಓದಿದರು. ಅವರ ಹೆಸರು ಅಚ್ಚುಕಟ್ಟಾಗಿ ಬರೆದಿತ್ತು.

ಎರಡು ವರ್ಷದ ಮೇಲೆ ನನ್ನನ್ನು ಕೂಕಲ್ತೊರೈ ಶಾಲೆಗೆ ವರ್ಗ ಮಾಡಿದರು. ಅಲ್ಲಿಯ ಕುರ್ಚಿಗೆ ನಾಲ್ಕು ಕಾಲು, ಅದರ ಬಗ್ಗೆ ಹೇಳುವುದೇನೂ ಇಲ್ಲ. ಉಪ್ಪಿನ ಹಬ್ಬಕ್ಕೆ ಮಾತ್ರ ಪ್ರತಿ ವರ್ಷ ಅಕ್ಕನ ಹಟ್ಟಿಗೆ ಹೋಗುತ್ತಿದ್ದೆ. ಹಬ್ಬದ ಹಿಂದಿನ ದಿನ ಭಾವ ತೊಟ್ಟಿ ಇಳಿಸಿ, ನೀರು ತುಂಬಿ, ಸುತ್ತ ಬಗ್ಗಿ ಬಗ್ಗಿ ನೋಡಿ, ಸೋರುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ತೇಪೆ ಹಚ್ಚುವರು. ಹಬ್ಬ ಮುಗಿದ ಮೇಲೆ ಉಳಿದ ನೀರನ್ನು ಚೆಲ್ಲಲು ಗೌಡರು ಇನ್ನೂ ಒಪ್ಪಿರಲಿಲ್ಲ. ಅದಕ್ಕೆ ಭಾವನೇ ಒಂದು ಏರ್ಪಾಡು ಮಾಡಿದ್ದರು: ಎಲ್ಲರಿಗಿಂತ ಹೆಚ್ಚು ಕುಡಿಯುವ ಮುದಿ ಎಮ್ಮೆಯೊಂದನ್ನು ಕೊನೆಗೆ ಅಂತಲೇ ಕಟ್ಟಿಹಾಕಿ ಉಳಿಸಿಕೊಳ್ಳುವುದು. ಅದು ತಳ ನೆಕ್ಕಿ ಒಣಗಿಸುತ್ತಿತ್ತು. ಶಾಸ್ತ್ರಕ್ಕೂ ಭಂಗವಿಲ್ಲ, ತಗಡಿಗೂ.

ನಾನು ಕೊನೆಯ ಸಲ ನೋಡಿದಾಗ ತೊಟ್ಟಿಗಿಂತ ತೇಪೆಯೇ ಹೆಚ್ಚಿತ್ತು. ಎಮ್ಮೆಗಳು ಏಳೋ ಎಂಟೋ ಉಳಿದಿದ್ದವು. ಹಟ್ಟಿಗೆಲ್ಲ ಟೀ ಹಬ್ಬಿತ್ತು. ಹೆತ್ತೆಯನ್ನು ಕೈಹಿಡಿದು ಕರೆತಂದು ಬಂಡೆಯ ಮೇಲೆ ಕೂರಿಸಿದ್ದರು. ಕಣ್ಣು ಮಂಜಾಗಿದ್ದರೂ ಅವಳು ತೊಟ್ಟಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಎಮ್ಮೆಗಳು ಬಾಯಿ ಹಾಕಿದವು. ಭಾವ ನನ್ನ ಪಕ್ಕದಲ್ಲಿ ಕಾಪಿ ಲೋಟ ಹಿಡಿದು ಕೂತಿದ್ದರು.

“ಲೇ, ಆ ತುದಿ ಸೋರುತ್ತಾ ಇದೆ,” ಎಂದಳು ಹೆತ್ತೆ. “ಎನ್ನ ಕಾಲಿಗ ತಣ್ಣಗ ಆಗುತ್ತಾ ಇದೆ, ನೋಡು.”

ಭಾವ ಕಾಪಿ ಲೋಟವನ್ನು ನನ್ನ ಕೈಗೆ ಕೊಟ್ಟು, ಜೇಬಿನಿಂದ ಸೀಮೆಸುಣ್ಣ ತೆಗೆದುಕೊಂಡು ಎದ್ದರು.